ಹಂಪವ್ವ ಹೋಗಿ ಮೂರು ವರ್ಷಾತು

ಕೊಟ್ಟೂರು, ೯ ಜೂನ್ ೨೦೦೨

ಬೆಂಗಳೂರಿನಿಂದ ಪಾಲಾಕ್ಷ ಫೋನ್ ಮಾಡಿದ್ದ. ‘ಮುಗಿಲೂರಿನವನು’ ಚಿತ್ರದ ಎರಡನೇ ಭಾಗ ಖಾತ್ರಿಯಾಯಿತಂತೆ. ನಿರ್ದೇಶನ ಮತ್ತೆ ಅವನದೇ. “ಮಾತು ನೀನೇ ಬರೀಬೇಕು ಸೋಮಣ್ಣ, ನಮ್ಮ ಕಡೆ ಮಾತು ಬೇರೆಯವರಿಗೆ ಬರಲ್ಲ” ಎಂದ. ನಾಟಕದ ಡ್ರೆಸ್ಸು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಕಿರೀಟಗಳ ದೂಳು ಹೊಡೆಯುತ್ತ ಕೂರುವವನಿಗೆ ಇಂಥ ಕರೆ ಎರಡನೇ ಸಲ ಬರುವುದೆಂದರೆ!

ಮೊದಲ ಭಾಗದ ಕಥೆ ಸಣ್ಣದು. ಮುಗಿಲಿನಿಂದ ಒಬ್ಬ ಬೀಳುತ್ತಾನೆ. ಅವನಿಗೆ ಮಾತು ಬಾರದು, ಹಸಿವು ಎಂದರೇನೆಂದು ತಿಳಿಯದು. ಬೆಟ್ಟದ ಕೆಳಗೆ ಖಾನಾವಳಿ ನಡೆಸುವ ಹಂಪವ್ವ ಅವನನ್ನು ಪೊಲೀಸರಿಂದ ಬಚ್ಚಿಟ್ಟು ಸಾಕುತ್ತಾಳೆ, ಮಾತು ಕಲಿಸುತ್ತಾಳೆ. ಹಂಪವ್ವನ ಪಾತ್ರ ಮಾಡಿದವಳು ನನ್ನ ಅಕ್ಕ ಜಂಬಮ್ಮ.

ಅಕ್ಕ ಚಿಕ್ಕವಳಿದ್ದಾಗಲೇ ನಾಟಕ ಕಂಪನಿ ಸೇರಿದವಳು. ಅಪ್ಪ ಅವ್ವ ಹೋದ ಮೇಲೆ ನನ್ನನ್ನು ಸಾಕಿದ್ದು, ಓದಿಸಿದ್ದು, ಪುಷ್ಪಲತಾಳನ್ನು ನೋಡಿ ಮದುವೆ ಮಾಡಿದ್ದು, ಎಲ್ಲ ಅವಳು ಬಣ್ಣ ಹಚ್ಚಿ ದುಡಿದದ್ದರಲ್ಲೇ. ರಾಣಿಯಾದಳು, ಮಲತಾಯಿಯಾದಳು, ಭಿಕ್ಷುಕಿಯಾದಳು. ನಾಟಕ ಮುಗಿದ ಮೇಲೆ ಯಾರೂ ಹೆಸರು ಹಿಡಿದು ಕರೆದವರಿಲ್ಲ. ಆ ಸಿನಿಮಾ ಬಂದ ಮೇಲೆ ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದಲ್ಲಿ ಹೆಂಗಸರು ಸುತ್ತುಗಟ್ಟಿ, “ಹಂಪವ್ವಾ, ನಮಗೂ ಒಂದು ರೊಟ್ಟಿ ನೀಡಬೇ” ಎಂದಿದ್ದರು. ಅವತ್ತು ಅವಳ ಮುಖ ನೋಡಬೇಕಿತ್ತು.

ಹೋದ ದೀಪಾವಳಿಯ ಹೊತ್ತಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಅರ್ಧ ಬಾಯಿ.

ಫೋನಿನ ಮಾತು ಅವಳ ಕಿವಿಗೂ ಬಿದ್ದಿತ್ತು. “ನ... ನಂ...” ಎಂದು ತಡಕಾಡಿದಳು.

“ನಿನ್ನ ಪಾರ್ಟ್ ಐತೇನು ಅಂತ ಹೌದಲ್ಲ? ಐತಿ. ನೀನಿಲ್ಲದ ಸಿನಿಮಾ ಹೆಂಗಾಕ್ಕೈತಕ್ಕ?” ಎಂದೆ.

ಪಾಲಾಕ್ಷ ಹಾಗೇನೂ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ. ಆದರೆ ಇದ್ದೇ ಇರುತ್ತದೆ.

೨೩ ಜೂನ್

ಅಕ್ಕ ಕನ್ನಡಿ ಇಟ್ಟುಕೊಂಡು ಕೂರುತ್ತಾಳೆ. ಪ, ಬ, ಮ. ತುಟಿ ಕೂಡುವ ಅಕ್ಷರಗಳೇ ಅವಳಿಗೆ ಕಷ್ಟ. ಜೊಲ್ಲು ಇಳಿದರೆ ಎಡಗೈಯಿಂದ ಒರೆಸಿಕೊಂಡು ಮತ್ತೆ ಮೊದಲಿನಿಂದ. ಕಂಪನಿಯಲ್ಲಿ ಹೊಸ ಹುಡುಗಿಯರಿಗೆ ಹೀಗೇ ಹೇಳಿಕೊಡುತ್ತಿದ್ದಳು.

ಇವತ್ತು ಹರಪನಹಳ್ಳಿ ಕಡೆಯಿಂದ ಒಂದು ನಾಟಕ ಮಂಡಳಿಯವರು ಡ್ರೆಸ್ಸಿಗೆ ಬಂದವರು ಅಕ್ಕನನ್ನು ನೋಡಬೇಕೆಂದರು. ಒಳಗೆ ಕರೆದೊಯ್ದೆ. “ಹೆಂಗದೀರಿ ಅಮ್ಮಾರ?” ಎಂದು ಕೇಳಿದರು. ಅಕ್ಕ ಬಾಯಿ ತೆರೆಯುವಷ್ಟರಲ್ಲಿ, “ಆರಾಮದಾಳ, ಈಗ ಊಟ ಮಾಡ್ತಾಳ, ಹಿಡ್ಕೊಂಡು ನಡೀತಾಳ” ಎಂದು ನಾನೇ ಹೇಳಿ ಕಳಿಸಿದೆ. ಅವಳಿಗೆ ಶ್ರಮ ಯಾಕೆ.

ಅವರು ಹೋದ ಮೇಲೆ ಪುಷ್ಪ ರೇಗಿದಳು. “ಆಕಿ ಮಾತಿಗೆ ನೀವ್ಯಾಕ ಬಾಯಿ ಹಾಕ್ತೀರಿ? ತಡಾ ಆಗ್ಲಿ. ಅವರೇನು ಓಡಿ ಹೋಗ್ತಿದ್ರೇನು?”

ಹೆಂಗಸರಿಗೆ ಇದೆಲ್ಲ ತಿಳಿಯುವುದಿಲ್ಲ. ತಡಬಡಿಸುವುದನ್ನು ನಾಲ್ಕು ಜನ ನೋಡಿದರೆ ಅಕ್ಕನಿಗೆ ಎಷ್ಟು ನೋವು.

ಕೂಡ್ಲಿಗಿ, ೭ ಜುಲೈ

ಪಾಲಾಕ್ಷ ಗುಡೇಕೋಟೆಯ ಬೆಟ್ಟಗಳನ್ನು ನೋಡಿಕೊಂಡು ಇಲ್ಲಿನ ಪ್ರವಾಸಿ ಮಂದಿರಕ್ಕೆ ಬಂದಿದ್ದಾನೆ. ಮಧ್ಯಾಹ್ನದಿಂದ ಕೂತು ಕಥೆ ಹೇಳಿದ. ಮುಗಿಲೂರಿನವನು ಮತ್ತೆ ಇಳಿಯುತ್ತಾನೆ, ಈ ಸಲ ಬೆಂಗಳೂರಿಗೆ ಹೋಗುತ್ತಾನೆ, ಒಬ್ಬ ವಿಜ್ಞಾನಿಯ ಮಗಳು ಸಿಗುತ್ತಾಳೆ, ಅವನ ಹಿಂದೆಯೇ ಒಬ್ಬ ವೈರಿಯೂ ಇಳಿಯುತ್ತಾನೆ. ಹೇಳಿ ಮುಗಿಸಿದ. ಹಂಪವ್ವನ ಹೆಸರು ಒಂದು ಸಲವೂ ಬರಲಿಲ್ಲ.

“ಹಂಪವ್ವ?” ಎಂದೆ.

ಅವನು ಚಹಾದ ಲೋಟ ಕೆಳಗಿಟ್ಟ. “ಅಲ್ಲ ಕಣಣ್ಣ, ನೀನೂ ನಾಟಕ ಬರಿಯೋನು, ನೀನೇ ಹೇಳು. ಮೊದಲನೇ ಸಲ ಅವನಿಗೆ ಏನೂ ಗೊತ್ತಿರಲಿಲ್ಲ. ಉಣ್ಣದು, ಅಳದು, ಸುಳ್ಳು ಹೇಳದು, ಎಲ್ಲಾ ಯಾರಾದ್ರೂ ಕಲಿಸ್ಬೇಕಿತ್ತು. ಅದಕ್ಕೆ ಹಂಪವ್ವ ಬೇಕಾಗಿದ್ಲು. ಈಗ ಅವನಿಗೆ ಎಲ್ಲಾ ಬರುತ್ತೆ. ಕಲಿತೋನ ಪಕ್ಕ ಕಲಿಸ್ದೋಳ್ನ ನಿಲ್ಸಿದ್ರೆ ಆಕೆಗೆ ಏನು ಕೆಲ್ಸ ಕೊಡ್ಲಿ?”

“ಜನ ಕೇಳಂಗಿಲ್ಲೇನು?”

“ಮುಗಿಲಿಂದ ಇಳಿಯೋನ್ನ ನೋಡಕ್ಕೆ ಬರೋರು, ರೊಟ್ಟಿ ಬಡಿಯೋಳು ಎಲ್ಲಿ ಅಂತ ಕೇಳಲ್ಲ. ಕೇಳಿದ್ರೂ ಇಂಟರ್‌ವಲ್ ತನಕ. ಹೊಸ ಹೀರೋಯಿನ್ ಅದಾಳೆ, ವೈರಿ ಅದಾನೆ, ಆಕಾಶದಾಗೆ ಯುದ್ಧ ಐತೆ. ಎಲ್ಲರಿಗೂ ಜಾಗ ಬೇಕು. ಯಾರನ್ನ ತೆಗೀಲಿ?”

ಬರೆಯುವವನಾಗಿ ಕೇಳಿದರೆ ಅವನು ಹೇಳಿದ್ದು ಸರಿಯಿತ್ತು. ಸಂಕಟವಾದದ್ದೇ ಅದಕ್ಕೆ. ತಪ್ಪಿದ್ದರೆ ಜಗಳವಾಡಬಹುದಿತ್ತು.

ಕಡೆಗೆ ಅವನೇ ಕೇಳಿದ, “ಅಕ್ಕಾರು ಹೆಂಗದಾರೆ?” ಇದ್ದದ್ದು ಹೇಳಿದೆ. ಬಾಯಿ ಒಂದು ಕಡೆ ಎಳೆದಿದೆ, ಮಾತು ಹೊರಡದು ಎಂದೆ. ಪಾಲಾಕ್ಷ ಮೊದಲು ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದವನು, ಅಕ್ಕನ ಕೈಯ ಊಟ ಉಂಡವನು. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ. “ಮತ್ತೆ ಅಕ್ಕಾರ್ನ ಕ್ಯಾಮೆರಾ ಮುಂದೆ ತಂದು ಕೂರ್ಸು ಅಂತೀಯ?” ಎಂದ.

ಕೊಟ್ಟೂರು, ೮ ಜುಲೈ

ಅಕ್ಕನಿಗೆ ಹೇಳಲಿಲ್ಲ. “ಚಲೋ ಆತು ಮಾತುಕತಿ” ಎಂದೆ. ನಕ್ಕಳು, ಅರ್ಧ ಮುಖದಲ್ಲಿ.

೨೧ ಜುಲೈ

ಹಂಪವ್ವನನ್ನು ಹೇಗೆ ಕಳಿಸುವುದು? ನಿರ್ಮಾಪಕರು ಹೇಳುವುದು, ಕಳಿಸುವುದೇ ಬೇಡ, ಅವಳ ಸುದ್ದಿಯೇ ಎತ್ತಬೇಡಿ ಎಂದು. ಎತ್ತಿದರೆ ಜನಕ್ಕೆ ನೆನಪಾಗುತ್ತಾಳೆ, ನೆನಪಾದರೆ ಬೇಕೆನ್ನುತ್ತಾರೆ. ಫೋನಿನಲ್ಲಿ ಪಾಲಾಕ್ಷನ ಜೊತೆ ಬಹಳ ವಾದ ಮಾಡಿದೆ. ಅಷ್ಟು ದೂರದಿಂದ ಮರಳಿ ಬಂದವನು ತನಗೆ ಮೊದಲ ತುತ್ತು ಹಾಕಿದವಳನ್ನು ಹುಡುಕದೆ ಇದ್ದರೆ ಅವನಿಗಿಂತ ಕಲ್ಲು ಮೇಲು ಎಂದೆ. ಕಡೆಗೆ ಒಪ್ಪಿದ. ಒಂದೇ ದೃಶ್ಯ: ಖಾನಾವಳಿಗೆ ಬೀಗ. ದಾರಿಹೋಕನೊಬ್ಬ ಒಂದು ಮಾತು ಹೇಳಿ ಹೋಗುತ್ತಾನೆ.

ಮಗಳ ಮನೆಗೆ ಹೋದಳು ಎಂದು ಬರೆದೆ. ಹಂಪವ್ವನಿಗೆ ಮಕ್ಕಳಿಲ್ಲ, ಮೊದಲ ಭಾಗದಲ್ಲಿ ಅವನನ್ನು ಮಗನಂತೆ ಸಾಕಿದ್ದೇ ಅದಕ್ಕೆ. ಊರು ಬಿಟ್ಟಳು ಎಂದು ಬರೆದೆ. ಬಿಡುವವಳಲ್ಲ. ಎಲ್ಲ ಹೊಡೆದುಹಾಕಿ ಬರೆದೆ: “ಹಂಪವ್ವ ಹೋಗಿ ಮೂರು ವರ್ಷಾತು.”

ನಡುಮನೆಯಲ್ಲಿ ಅಕ್ಕ ಪ, ಬ, ಮ ಎನ್ನುತ್ತಿದ್ದಳು.

ದಾರಿಹೋಕನ ಪಾತ್ರಕ್ಕೆ ಹಡಗಲಿಯ ಗಂಗಪ್ಪನ ಹೆಸರು ಸೂಚಿಸಿದೆ. ಅಕ್ಕನ ಜೊತೆ ಕಂಪನಿಯಲ್ಲಿ ಬಹಳ ಕಾಲ ಹಾಸ್ಯದ ಪಾರ್ಟು ಮಾಡಿದವನು, ಈಗ ಬಸ್ ನಿಲ್ದಾಣದ ಎದುರು ಮಲ್ಲಿಗೆ ಮಾರುತ್ತಾನೆ. ಸಿನಿಮಾದಲ್ಲಿ ಒಂದಾದರೂ ಮಾತು ಆಡಿ ಸಾಯಬೇಕು ಎನ್ನುತ್ತಿದ್ದ.

೩೦ ಆಗಸ್ಟ್

ಅಕ್ಕ ಇವತ್ತು “ನೀರು ಬಿಸಿ ಐತಿ” ಎಂದಳಂತೆ. ಪುಷ್ಪ ಬಚ್ಚಲಿನಿಂದಲೇ ಕೂಗಿ ಕರೆದಳು. ನಾನು ಹೋಗಿ ಮತ್ತೊಮ್ಮೆ ಹೇಳು ಎಂದರೆ ಬರಲಿಲ್ಲ.

“ಶೂ... ಶೂಟಿ...” ಎಂದು ದಿನಾ ಕೇಳುತ್ತಾಳೆ. ಮುಂದೆ ಹೋಗಿದೆ, ಹೀರೋಗೆ ಪುರುಸೊತ್ತಿಲ್ಲ ಎನ್ನುತ್ತೇನೆ. ಬಂದು ಹೋಗುವವರು ಬೇಡದ್ದು ಮಾತಾಡುತ್ತಾರೆಂದು ಅವಳ ಮಂಚವನ್ನು ಹಿಂದಿನ ಕೋಣೆಗೆ ಹಾಕಿಸಿದೆ. ಅಲ್ಲಿ ಗದ್ದಲವಿಲ್ಲ, ಗಾಳಿಯೂ ಪರವಾಗಿಲ್ಲ.

“ಅಲ್ಲಿಂದ ಬೀದಿ ಕಾಣಂಗಿಲ್ಲ ಅಂತಾಳ” ಎಂದಳು ಪುಷ್ಪ.

“ಆಕಿ ಅಂದ್ಲೇನು?”

“ಅಂದಳ್ರೀ. ನನಗ ತಿಳೀತೈತಿ. ನಿಂತು ಕೇಳಿದ್ರ ತಿಳೀತೈತಿ.”

೧೪ ಅಕ್ಟೋಬರ್

ಕೆಟ್ಟ ದಿನ.

ಎದುರು ಮನೆಯ ಫಿರೋಜ್‌ನದು ಗ್ಯಾರೇಜು, ಒಂದು ಬಾಡಿಗೆ ಜೀಪೂ ಇದೆ. ಆ ಜೀಪನ್ನು ಶೂಟಿಂಗಿನವರು ಗೊತ್ತು ಮಾಡಿದ್ದಾರೆ. ಅವನಿಗೇನು ಗೊತ್ತು, ಖುಷಿಯಿಂದ ನೇರ ಅಕ್ಕನ ಕೋಣೆಗೇ ಹೋಗಿ ಕೂತಿದ್ದಾನೆ. ನಾನು ಹೋಗುವಷ್ಟರಲ್ಲಿ ಮುಗಿದಿತ್ತು.

“ಗುಡೇಕೋಟಿ ಹತ್ರ ಖಾನಾವಳಿ ಹಾಕ್ಯಾರ ಜಂಬಕ್ಕ, ಥೇಟ್ ಹಳೇದರಂಗ. ನಿಮ್ಮನ್ನ ಯಾವತ್ತು ಕರಕೊಂಡು ಬರ್ಲಿ ಅಂತ ಮ್ಯಾನೇಜರ್‌ನ ಕೇಳಿದ್ರ, ಆ ಮುದುಕಿ ಪಾತ್ರ ಸತ್ತೈತಿ ಅಂತಾನ! ಹೌದೇನು ಸೋಮಣ್ಣ?”

ಅಕ್ಕ ನನ್ನನ್ನು ನೋಡಿದಳು. ನಾನು ಏನೇನೋ ಹೇಳಲು ಹೋದೆ. ಮ್ಯಾನೇಜರನಿಗೆ ಪೂರ್ತಿ ಗೊತ್ತಿಲ್ಲ, ಮೂರನೇ ಭಾಗವೂ ಬರಬಹುದು ಎಂದೆಲ್ಲ. ಅವಳ ತುಟಿ ಅಲುಗುತ್ತಿತ್ತು. ನಾನು ಮಾತು ನಿಲ್ಲಿಸಿದ ಮೇಲೆ ಅದು ಹೊರಬಂತು.

“ಸು... ಳ್ಳ.”

ಫಿರೋಜ್ ಎದ್ದು ಹೊರಗೆ ಹೋಗಿ ಗೋಡೆಗೆ ಒರಗಿ ನಿಂತ.

೧೫ ಅಕ್ಟೋಬರ್

ನನ್ನ ಕೈಯಿಂದ ಉಣ್ಣಲಿಲ್ಲ.

೧೬ ಅಕ್ಟೋಬರ್

ಇವತ್ತೂ ಇಲ್ಲ. ಕನ್ನಡಿ ಬೋರಲು ಹಾಕಿದ್ದಾಳೆ.

೧೮ ಅಕ್ಟೋಬರ್

ಮಂಚದ ಹತ್ತಿರ ಕೂತು ಎಲ್ಲ ಹೇಳಿದೆ. ಪಾಲಾಕ್ಷ ಹೇಳಿದ್ದು, ನಾನು ವಾದ ಮಾಡಿದ್ದು, ನಾನೇ ಆ ಮಾತು ಬರೆದದ್ದು, ಗಂಗಪ್ಪ ನಾಳೆ ಅದನ್ನು ಆಡುವುದು. ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಿದ್ದೆ ಹತ್ತಿರಬೇಕೆಂದು ಎದ್ದೆ. ಹಿಂದಿನಿಂದ ಎಳೆದಂತಾಯಿತು, ಎಡಗೈಯಿಂದ ನನ್ನ ಅಂಗಿ ಹಿಡಿದಿದ್ದಳು.

“ಹೋ... ಗಾಣ.”

“ಎಲ್ಲಿಗಕ್ಕ?”

ಉತ್ತರ ಬಹಳ ಹೊತ್ತು ಬರಲಿಲ್ಲ. ಪುಷ್ಪ ಬಾಗಿಲಲ್ಲಿ ನಿಂತು ನನ್ನತ್ತಲೇ ನೋಡುತ್ತಿದ್ದಳು. ಸುಮ್ಮನೆ ನಿಂತೆ.

“ನಾ... ಸತ್ತಲ್ಲಿಗೆ.”

೧೯ ಅಕ್ಟೋಬರ್

ಫಿರೋಜ್ ಜೀಪಿನ ಹಿಂದಿನ ಸೀಟಿಗೆ ಹಾಸಿಗೆ ಹಾಸಿದ. ಪುಷ್ಪ ಅಕ್ಕನಿಗೆ ಹಸಿರು ಇಳಕಲ್ ಸೀರೆ ಉಡಿಸಿದಳು. ದಾರಿಯುದ್ದಕ್ಕೂ ಅಕ್ಕ ಹೊರಗೆ ನೋಡುತ್ತಲೇ ಇದ್ದಳು. ಹಿಂದಿನ ಕೋಣೆಗೆ ಹಾಕಿದ ಮೇಲೆ ಅವಳು ಮನೆ ಬಿಟ್ಟು ಹೊರಗೆ ಬಂದಿರಲೇ ಇಲ್ಲ.

ಬಂಡೆಗಳ ನಡುವೆ ಖಾನಾವಳಿ ನಿಂತಿತ್ತು. ತೊಲೆ, ಒಲೆಯ ಮಸಿ, ಹೊರಗಿನ ಕಲ್ಲುಬೆಂಚು, ಎಲ್ಲ ಹಾಗೇ. ಬಾಗಿಲಿಗೆ ದೊಡ್ಡ ಬೀಗ. ಮುಖಕ್ಕೆ ಬೆಳ್ಳಿ ಬಣ್ಣ ಬಳಿದುಕೊಂಡ ಹೀರೋ ಕೊಡೆಯ ಕೆಳಗೆ ಕೂತಿದ್ದ. ಜೀಪು ಒಂದು ಮರದ ನೆರಳಿಗೆ ನಿಂತಿತು. ಯಾರೂ ನಮ್ಮ ಕಡೆ ನೋಡಲಿಲ್ಲ. ಇಷ್ಟು ಜನರ ನಡುವೆ ಅವಳ ಗುರುತು ಹಿಡಿದವನು ಗಂಗಪ್ಪನೊಬ್ಬನೇ. ಅದೇ ತೊಂದರೆಯಾಯಿತು.

ಹೆಗಲಿಗೆ ಕಂಬಳಿ ಹಾಕಿಕೊಂಡು ನಡೆದು ಬಂದ. ಬೀಗ ಹಿಡಿದು ನಿಂತ ಹೀರೋನ ಹತ್ತಿರ ನಿಂತು “ಹಂಪವ್ವ...” ಎಂದವನು, ಕಣ್ಣು ಜೀಪಿನತ್ತ ಹೋಗಿ, ನಿಂತುಬಿಟ್ಟ. ಮತ್ತೆ ತೆಗೆದರು. ಮತ್ತೆ ಅಲ್ಲೇ. ಮತ್ತೊಂದು ಸಲ “ಹಂಪವ್ವ ಇಲ್ಲೇ ಅದಾಳ” ಎಂದುಬಿಟ್ಟ. ಎಲ್ಲರೂ ನಕ್ಕರು, ಅವನು ನಗಲಿಲ್ಲ. ಮ್ಯಾನೇಜರ್ ಕೂಗಾಡಿದ, “ಈ ಮುದುಕನ್ನ ಬಿಟ್ಟು ಬೇರೆ ಯಾರನ್ನಾದ್ರೂ ನಿಲ್ಲಿಸ್ರಿ, ಬಿಸಿಲು ಹೋಗುತ್ತೆ.”

ಅಕ್ಕ ಕೈಸನ್ನೆ ಮಾಡಿ ಗಂಗಪ್ಪನನ್ನು ಕರೆದಳು. ಓಡಿ ಬಂದ. ಜೀಪಿನ ಮೆಟ್ಟಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು, “ನನ್ನ ಕೈಲೆ ಆಗಂಗಿಲ್ಲ ಜಂಬಕ್ಕ. ನೀ ಕುಂತು ನೋಡಾಕತ್ತಿ, ನಾ ಹೆಂಗ ಅನ್ಲಿ? ಬಾಯಿಗೆ ಮಣ್ಣು ಬೀಳಲಿ” ಎಂದು ಕಣ್ಣೊರೆಸಿಕೊಂಡ.

“ಗಂಗಣ್ಣ, ಅಕ್ಕ ಹೇಳೋದು ಏನಂದ್ರ...” ಎಂದು ನಾನು ಶುರು ಮಾಡಿದೆ. ಅಕ್ಕ ಎಡಗೈ ನನ್ನ ಬಾಯಿಗೆ ಅಡ್ಡ ಹಿಡಿದಳು.

“ಗಂ... ಗಾ. ಉಸುರು ತಗೊ.” ತಾನೂ ಉಸಿರೆಳೆದುಕೊಂಡಳು. “ನಾ... ಹೋಗೀನಿ. ಬಂದವಗ... ಗೊತ್ತಿಲ್ಲ. ನೀ... ಹೇಳಬೇಕು. ಮೆ... ಮೆಲ್ಲಗ ಹೇಳು.”

ಲಕ್ವ ಹೊಡೆದ ಮೇಲೆ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. ಗಂಗಪ್ಪ ತಲೆಯಾಡಿಸಿದ. ಎದ್ದು ಹೋಗಿ ತನ್ನ ಜಾಗದಲ್ಲಿ ನಿಂತ. ಕಂಬಳಿ ಸರಿಮಾಡಿಕೊಂಡು, ಬೆಳ್ಳಿ ಮುಖದವನ ಭುಜ ಮುಟ್ಟಿ, ಮನೆಯವರಿಗೆ ಸುದ್ದಿ ತಿಳಿಸುವವನಂತೆ ಮೆಲ್ಲಗೆ, “ಹಂಪವ್ವ ಹೋಗಿ ಮೂರು ವರ್ಷಾತು” ಎಂದ. ನಾನು ಬರೆಯದ ಒಂದು ಮಾತೂ ಸೇರಿಸಿದ. “ಉಂಡೇನಪ್ಪ?” ಎಂದ.

ಕ್ಯಾಮೆರಾ ನಿಂತಿತು. ಬೆಳ್ಳಿ ಬಣ್ಣದ ಮೇಲೆ ಹೀರೋನ ಕಣ್ಣೀರು ಗೆರೆ ಎಳೆದಿತ್ತು. ಆಮೇಲೆ ಚಪ್ಪಾಳೆ ಬಿತ್ತು. ಅಕ್ಕನಿಗೆ ಬಲಗೈ ಏಳದು. ಎಡಗೈಯಿಂದ ತೊಡೆ ತಟ್ಟಿದಳು, ಮತ್ತೆ ಮತ್ತೆ.

ಪಾಲಾಕ್ಷ ಬಂದು ಅವಳ ಕಾಲು ಹಿಡಿದ. ಅವನ ತಲೆಯ ಮೇಲೆ ಕೈಯಿಟ್ಟಳು. ಬರುವಾಗ ಜೀಪಿನಲ್ಲಿ ಅತ್ತಳು. ಪುಷ್ಪ ತನ್ನ ಎದೆಗೆ ಒರಗಿಸಿಕೊಂಡಳು. ನಾನು ಮುಂದಿನ ಸೀಟಿನಲ್ಲಿದ್ದೆ.

೨೧ ಅಕ್ಟೋಬರ್

ಅಕ್ಕನ ಮಂಚ ಮುಂಚಿನ ಜಾಗಕ್ಕೆ ತಂದು ಹಾಕಿದೆವು. ಫಿರೋಜ್ ಒಂದು ಕಡೆ ಹಿಡಿದ.

೧೨ ಜನವರಿ ೨೦೦೩

ಬಹಳ ದಿನ ಬರೆದಿಲ್ಲ. ನಾಟಕಗಳ ಹಂಗಾಮು, ಅಂಗಡಿಯಲ್ಲಿ ಪುರುಸೊತ್ತಿಲ್ಲ. ಅಕ್ಕ ಮಧ್ಯಾಹ್ನ ಅಂಗಡಿಗೆ ಬಂದು ಕೂರುತ್ತಾಳೆ. ಗಡ್ಡ ಮೀಸೆಗಳನ್ನು ಎಡಗೈಯಲ್ಲೇ ಬಾಚಿ ಇಡುತ್ತಾಳೆ. ನಿನ್ನೆ ಹಳ್ಳಿಯವರು ಕೀಚಕನ ಡ್ರೆಸ್ಸು ಕೇಳಿ ಬಂದರು. ಕೀಚಕನ ಪಾರ್ಟಿನವನು ಹೇಗೆ ನಡೆಯಬೇಕೆಂದು ಅವಳು ಅವರಿಗೆ ಹೇಳಿದಳು. ಕೇಳುತ್ತ ಕೂತು ಅವರು ಸಂಜೆಯ ಬಸ್ಸು ತಪ್ಪಿಸಿಕೊಂಡರು. ಕೀಚಕನ ಕಿರೀಟದ ಒಂದು ಕಲ್ಲು ಉದುರಿದೆ, ಅಂಟಿಸಬೇಕು.

೧೧ ಏಪ್ರಿಲ್

ಇವತ್ತು ಹಗರಿಬೊಮ್ಮನಹಳ್ಳಿಯ ಟಾಕೀಸಿನಲ್ಲಿ ಎರಡನೇ ಭಾಗ ಹಾಕಿದರು. ಅಕ್ಕನಿಗೆ ಟಾಕೀಸಿನ ಅಷ್ಟೊಂದು ಮೆಟ್ಟಿಲು ಹತ್ತಲಾಗುವುದಿಲ್ಲ. ನಾನೂ ಪುಷ್ಪಳೂ ಹೋದೆವು.

ಚಿತ್ರದ ಹೆಸರು ಬಂತು, ಅವನು ಇಳಿದ. ಗುಡೇಕೋಟೆಯಲ್ಲಲ್ಲ, ನೇರ ಬೆಂಗಳೂರಿನಲ್ಲಿ, ದೊಡ್ಡ ಕಟ್ಟಡವೊಂದರ ನೆತ್ತಿಯ ಮೇಲೆ. ಜನ ಸಿಳ್ಳೆ ಹಾಕಿದರು. ನಾನು ಖಾನಾವಳಿಗಾಗಿ ಕಾಯುತ್ತಿದ್ದೆ. ನಮ್ಮ ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಪಕ್ಕದವಳನ್ನು ಕೇಳಿದಳು, “ಆ ರೊಟ್ಟಿ ಹಂಪವ್ವ ಎಲ್ಲೆಬೇ?”

“ಬರ್ತಾಳ ತಡಿ. ಮುಂದ ಬರ್ತಾಳ.”

ಇಂಟರ್‌ವಲ್ ಆದ ಮೇಲೂ ಆಕೆ ಒಮ್ಮೆ ಕೇಳಿದಳು. ಆಕಾಶದಲ್ಲಿ ಯುದ್ಧ ಶುರುವಾಯಿತು, ಮತ್ತೆ ಕೇಳಲಿಲ್ಲ. ಬೀಗವಿಲ್ಲ, ಬಂಡೆಯಿಲ್ಲ, ಗಂಗಪ್ಪನಿಲ್ಲ. ಕಡೆಯಲ್ಲಿ ನನ್ನ ಹೆಸರು ಬಂತು. ಪುಷ್ಪ ನನ್ನ ಕೈ ಹಿಡಿದುಕೊಂಡಳು.

ಹೊರಗೆ ಬಂದು ಬೂತಿನಿಂದ ಪಾಲಾಕ್ಷನಿಗೆ ಫೋನ್ ಮಾಡಿದೆ. “ಉದ್ದ ಆಯ್ತು ಅಂತ ಕೊನೇಗೆ ತೆಗೆಸಿದ್ರು ಅಣ್ಣ. ನಾನು ಕಾಲು ಹಿಡಿದೆ, ಕೇಳಲಿಲ್ಲ. ಅದೊಂದೇ ಸೀನು ಬಿಡಿಯಾಗಿತ್ತಂತೆ, ತೆಗೆದ್ರೂ ಕಥೆ ನಿಲ್ಲುತ್ತೆ ಅಂದ್ರು” ಎಂದ. ಅವನ ದನಿ ಸತ್ತಿತ್ತು. ಬೈಯಲಾಗಲಿಲ್ಲ.

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು.

“ಇಲ್ಲಕ್ಕ, ಆ ಸೀನ್ ತೆಗೆದಾರ. ನಿನ್ನ ಸುದ್ದಿ ಎಲ್ಲೂ ಬರಂಗಿಲ್ಲ” ಎಂದೆ.

ಬೀದಿಯ ಕಡೆ ನೋಡುತ್ತ ಕೂತಳು. ನಾನು ಮೆಟ್ಟಿಲ ಮೇಲೆ ಕೂತೆ. ದೀಪ ಹಚ್ಚುವ ಹೊತ್ತಾಯಿತು. ಆಗ ಕೇಳಿದಳು.

“ಗಂಗಾಗ... ಯಾರು ಹೇಳ್ತಾರ?”

ಅದು ನನಗೆ ಹೊಳೆದೇ ಇರಲಿಲ್ಲ.

ಹೂವಿನಹಡಗಲಿ, ೧೩ ಏಪ್ರಿಲ್

ಚಿತ್ರ ಇಲ್ಲಿಗೆ ಮುಂದಿನ ವಾರ ಬರುತ್ತದೆ. ಬಸ್ ನಿಲ್ದಾಣದ ಎದುರಿನ ಗೋಡೆಗೆ ಆಗಲೇ ಪೋಸ್ಟರ್ ಹಚ್ಚಿದ್ದರು. ಅದರ ಕೆಳಗೇ ಗಂಗಪ್ಪನ ಹೂವಿನ ಬುಟ್ಟಿಗಳು. ಅಕ್ಕ ಕೋಲೂರಿಕೊಂಡು ಬಸ್ಸಿನಿಂದ ಇಳಿಯುವುದನ್ನು ನೋಡಿ ಓಡಿ ಬಂದ. “ನೋಡ್ರಪ್ಪ, ಯಾರು ಬಂದಾರ! ಹಂಪವ್ವ!” ಎಂದು ಪಕ್ಕದ ಅಂಗಡಿಗಳಿಗೆಲ್ಲ ಕೂಗಿದ. ನಮಗೆ ಕೂರಲು ಚೀಲ ಹಾಸಿ, ಚಹಾ ತರಿಸಿ, ಮಗಳ ಬೀಗರೆಲ್ಲ ಸಿನಿಮಾ ನೋಡಲು ಬರುವವರಿದ್ದಾರೆ ಎಂದು ಹೇಳುತ್ತಲೇ ಇದ್ದ. ಹೇಗೆ ತಡೆಯುವುದೋ ತಿಳಿಯದೆ ನಾನು ಚಹಾ ಕುಡಿದೆ.

ಅಕ್ಕನೇ ಹೇಳಿದಳು. ಹೊತ್ತು ಹಿಡಿಯಿತು. “ಗಂಗಾ... ನಿನ್ನ ಮಾತು...” ಎಂದು ನಿಂತಳು. ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು, ಅದು ದಾಟುವವರೆಗೆ ಕಾದಳು. “ತೆಗದಾರ. ಸಿನಿಮಾದಾಗ... ಇಲ್ಲ.”

ಗಂಗಪ್ಪ ನನ್ನ ಮುಖ ನೋಡಿದ. ಹೌದೆಂದು ತಲೆಯಾಡಿಸಿದೆ. ಕೈಯಲ್ಲಿದ್ದ ಮಾಲೆಯನ್ನು ಬುಟ್ಟಿಯೊಳಗಿಟ್ಟು, ಅದರ ಮೇಲೆ ಒದ್ದೆ ಬಟ್ಟೆ ಮುಚ್ಚಿದ. ಆಮೇಲೆ ಹಾಸ್ಯದ ಪಾರ್ಟಿನವನ ಹಳೆಯ ದನಿ ತೆಗೆದು, “ಹಂಗಾರ ನೀ ಸತ್ತಿಲ್ಲ ಬಿಡು ಜಂಬಕ್ಕ” ಎಂದ. ಅಕ್ಕ ನಕ್ಕಳು. ಅವನೂ ನಗಲು ಹೋದ. ಬಾಯಿ ಸೊಟ್ಟಗಾಯಿತು, ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಮುಚ್ಚಿಕೊಂಡ.

“ಚಲೋ... ಹೇಳಿದ್ದಿ” ಎಂದಳು ಅಕ್ಕ. “ನಾ... ನೋಡೀನಿ.”

ಕೊಟ್ಟೂರಿನ ಬಸ್ಸು ತಡವಿತ್ತು. ಗಂಗಪ್ಪ ನಮ್ಮ ಜೊತೆ ನಿಲ್ದಾಣದ ಒಳಗೂ ಬಂದ. ಕಲ್ಲುಬೆಂಚಿನ ಮೇಲೆ ಅಕ್ಕನ ಪಕ್ಕ ಕೂತಿದ್ದಾಗ, ಹಣ್ಣು ಮಾರುವವನೊಬ್ಬ ದೂರದಿಂದಲೇ, “ಗಂಗಣ್ಣಾ, ಯಾವತ್ತು ನಿನ್ನ ಸಿನಿಮಾ? ನಮಗೊಂದು ಟಿಕೀಟು ಹಿಡಿ!” ಎಂದು ಕೂಗಿದ. ಅಕ್ಕ ತನ್ನ ಎಡಗೈ ಅವನ ಕೈ ಮೇಲಿಟ್ಟಳು.

“ನಾ ಅದರಾಗ ಇಲ್ಲಪ್ಪ, ತೆಗದಾರ” ಎಂದ ಗಂಗಪ್ಪ.

ಹಣ್ಣಿನವನಿಗೆ ಕೇಳಿಸಲಿಲ್ಲ. “ಆಂ?” ಎಂದ. ಗಂಗಪ್ಪ ಎದ್ದು ನಿಂತು ಮತ್ತೊಮ್ಮೆ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿ, ಕೂತ. ಬಸ್ಸು ಬರುವವರೆಗೂ ಅಕ್ಕ ಅವನ ಕೈ ಬಿಡಲಿಲ್ಲ.